ಹಳೆಯ ಎಂಜಿಬಿಯ ಆರ್‌ಪಿಎಂ ಮುಳ್ಳು ಕುಣಿಯುತ್ತಿದೆಯಾ? ಮೀಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ಹಳೆಯ ಸ್ಪೋರ್ಟ್ಸ್ ಕಾರಿನ ಆರ್‌ಪಿಎಂ ಮೀಟರ್, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮೀಟರ್, ಕುಣಿಯಲು ಶುರುವಾದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಮೀಟರಿಗೇ. ಬಿಚ್ಚಿ, ಪಾರ್ಸೆಲ್ ಕಟ್ಟಿ, ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಕಳಿಸುತ್ತಾರೆ. ‘ಮೀಟರ್ ಸರಿಯಾಗೇ ಇದೆ’ ಅಂತ ಅದು ವಾಪಸ್ ಬರುತ್ತದೆ. ಹಾಕಿ ನೋಡಿದರೆ ಮತ್ತೆ ಅದೇ ಕುಣಿತ.

ಆ ಕಾಲದ ಇಂಥ ಹೆಚ್ಚಿನ ಕಾರುಗಳಲ್ಲಿ ಆ ಮುಳ್ಳು ನೋಡುವುದು ಇಗ್ನಿಷನ್ ಕಾಯಿಲಿಗೆ, ಅಂದರೆ ಪ್ಲಗ್ಗಿಗೆ ಕಿಡಿ ಒದಗಿಸುವ ಕಾಯಿಲಿಗೆ, ಹೋಗುವ ಕರೆಂಟನ್ನು. ಆ ಕರೆಂಟನ್ನು ಕಡಿದು ಕೊಡುವ, ಡಿಸ್ಟ್ರಿಬ್ಯೂಟರ್ ಒಳಗಿನ ಪುಟ್ಟ ಸ್ವಿಚ್ಚೇ ಪಾಯಿಂಟ್. ಅದು ಒಮ್ಮೆ ತೆರೆದರೆ ಒಂದು ಲೆಕ್ಕ. ಕರೆಂಟೇ ಕಡಿದು ಕಡಿದು ಹೋಗುತ್ತಿದ್ದರೆ ಮುಳ್ಳು ಅದನ್ನೇ ತೋರಿಸುತ್ತದೆ. ಅಂದರೆ ಬಹಳ ಸಲ ಮೀಟರ್ ನಿಜವನ್ನೇ ಹೇಳುತ್ತಿರುತ್ತದೆ, ರೋಗ ಬೇರೆ ಕಡೆ ಇರುತ್ತದೆ. ಅದಕ್ಕೇ ನಾನು ಮೀಟರನ್ನು ಕೊನೆಗೆ ಮುಟ್ಟುತ್ತೇನೆ.

ಇಲ್ಲಿ ಬರೆಯುತ್ತಿರುವುದು 1960ರ ದಶಕದ ಎಂಜಿಬಿಯನ್ನು ಮುಂದಿಟ್ಟುಕೊಂಡು. ಸ್ಮಿತ್ಸ್ ಮೀಟರ್, ಲೂಕಾಸ್ ವೈರಿಂಗ್ ಇರುವ ಬೇರೆ ಬ್ರಿಟಿಷ್ ಕಾರುಗಳಿಗೂ ಬಹುಪಾಲು ಇದೇ ದಾರಿ.

ಮೊದಲ ಪ್ರಶ್ನೆ

ಮುಳ್ಳು ಬಿದ್ದ ಕ್ಷಣದಲ್ಲಿ ಎಂಜಿನ್ ಕೂಡ ಜರ್ಕ್ ಹೊಡೆಯಿತಾ?

ಇದಕ್ಕೆ ಉತ್ತರ ಸಿಗುವವರೆಗೆ ಸ್ಪ್ಯಾನರ್ ಹಿಡಿಯಬೇಡಿ. ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಂಡು ಒಂದು ರೌಂಡ್ ಹೋಗಿ ಬನ್ನಿ. ಅವರು ಮುಳ್ಳನ್ನೇ ನೋಡುತ್ತಿರಲಿ, ನೀವು ರಸ್ತೆ ನೋಡುತ್ತಾ ಎಂಜಿನ್ನಿಗೆ ಕಿವಿ ಕೊಡಿ. ಅವರು ‘ಬಿತ್ತು’ ಅಂದಾಗ ನಿಮ್ಮ ಕಾಲಿಗೆ ಏನಾದರೂ ಗೊತ್ತಾಯಿತಾ? ವಸ್ತಾರೆ, ಆಲ್ದೂರಿನ ಕಡೆಯ ರಸ್ತೆ ಇದಕ್ಕೆ ಚೆನ್ನಾಗಿದೆ. ತಿರುವು, ಏರು, ಇಳಿತ ಎಲ್ಲ ಸಿಗುತ್ತದೆ, ಗೇರ್ ಬದಲಿಸುತ್ತಲೇ ಇರಬೇಕಾಗುತ್ತದೆ.

ಮುಳ್ಳು ಸೊನ್ನೆಗೆ ಬಿದ್ದರೂ ಎಂಜಿನ್ ಹಾಗೇ ನಯವಾಗಿ ಓಡುತ್ತಿದ್ದರೆ ಮೀಟರಿಗೆ ಬರುವ ಸಪ್ಲೈ, ಅದರ ಅರ್ತ್, ಇಲ್ಲವೇ ಮೀಟರಿನ ಒಳಭಾಗ ನೋಡಬೇಕು. ಮುಳ್ಳು ಬಿದ್ದಾಗಲೇ ಎಂಜಿನ್ನೂ ಕಟ್ ಹೊಡೆದರೆ ತೊಂದರೆ ಇಗ್ನಿಷನ್ ಲೈನಿನಲ್ಲಿ. ಮುಳ್ಳು ಕೆಳಗೆ ಬೀಳುವ ಬದಲು ಮೇಲಕ್ಕೆ ಹಾರಿದರೆ, ಅಂದರೆ 2,500ರಲ್ಲಿ ಇದ್ದದ್ದು ಇದ್ದಕ್ಕಿದ್ದಂತೆ 4,000ಕ್ಕೆ ಏರಿ ಇಳಿದರೆ, ಮೀಟರಿಗೆ ಇಲ್ಲದ ಪಲ್ಸ್ ಎಲ್ಲಿಂದಲೋ ಬರುತ್ತಿದೆ. ಮೂರೂ ಬೇರೆ ಬೇರೆ ದಾರಿಗಳು.

ಸದಾ ಒಂದೇ ಪ್ರಮಾಣದಲ್ಲಿ ಜಾಸ್ತಿ ಅಥವಾ ಕಡಿಮೆ ತೋರಿಸುವುದು ಕುಣಿತವಲ್ಲ, ಅದು ಮೀಟರಿನ ಹೊಂದಾಣಿಕೆಯ ವಿಷಯ. ಆರು ಸಿಲಿಂಡರ್ ಕಾರಿನ ಮೀಟರನ್ನು ನಾಲ್ಕು ಸಿಲಿಂಡರ್ ಕಾರಿಗೆ ಹಾಕಿದ್ದರೆ 3,000 ಇರುವಾಗ 2,000 ತೋರಿಸುತ್ತದೆ. ಅದಕ್ಕೆ ವೈರ್ ಹುಡುಕುತ್ತಾ ಕೂರಬೇಡಿ.

ಬಿಚ್ಚುವ ಮೊದಲು ಎರಡು ವಿಷಯ

ಡಯಲಿನ ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಮೀಟರಿನ ನಂಬರ್ ಇರುತ್ತದೆ. ಅದು ‘ಆರ್‌ವಿಐ’ ಅಂತ ಶುರುವಾದರೆ ಕಾಯಿಲಿನ ಬಿಳಿ ವೈರ್ ಮೀಟರಿನ ಮೂಲಕವೇ ಹಾದುಹೋಗುತ್ತದೆ. ಇಗ್ನಿಷನ್ ಸ್ವಿಚ್ಚಿನಿಂದ ಮೀಟರಿಗೆ, ಅಲ್ಲಿಂದ ಕಾಯಿಲಿಗೆ. ಕೆಲವು ಮೀಟರುಗಳಲ್ಲಿ ಆ ವೈರ್ ಹೊರಗೆ ಬೆನ್ನ ಮೇಲೆ ಒಂದು ಪ್ಲಾಸ್ಟಿಕ್ ತುಂಡಿಗೆ ಸುತ್ತು (ಲೂಪ್) ಹಾಕಿಕೊಂಡು ಹೋಗುತ್ತದೆ, ಆಮೇಲಿನವುಗಳಲ್ಲಿ ಸುತ್ತು ಒಳಗೇ ಇದೆ. ನಂಬರ್ ‘ಆರ್‌ವಿಸಿ’ ಅಂತ ಇದ್ದರೆ ಅದು 1970ರ ದಶಕದ ಮೀಟರ್. ಇದಕ್ಕೆ ಕಾಯಿಲಿನ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲಿನಿಂದ ಬಿಳಿ-ಕಪ್ಪು ವೈರ್ ಒಂದು ಬರುತ್ತದೆ, ಅಷ್ಟೇ. ಆರ್‌ವಿಐ ಮೀಟರಿನಲ್ಲಿ ಬಿಳಿ ವೈರ್ ಕಡಿದರೆ ಎಂಜಿನ್ನೇ ನಿಲ್ಲುತ್ತದೆ. ಆರ್‌ವಿಸಿಯಲ್ಲಿ ಆ ಒಂಟಿ ವೈರ್ ಕಡಿದರೆ ಮುಳ್ಳು ಮಾತ್ರ ಬೀಳುತ್ತದೆ.

ಎರಡನೆಯದು ಬ್ಯಾಟರಿ. 1967ರ ಕೊನೆಗೆ ಮಾರ್ಕ್ ಟು ಎಂಬ ಎರಡನೇ ಆವೃತ್ತಿ ಬರುವವರೆಗೆ ಎಂಜಿಬಿ ಪಾಸಿಟಿವ್ ಅರ್ತ್ ಕಾರು. ಅಂದರೆ ಕಾರಿನ ಬಾಡಿಗೆ ಸೇರಿಸಿರುವುದು ಬ್ಯಾಟರಿಯ ಪ್ಲಸ್ ತುದಿ. ನಮ್ಮ ಕಡೆ ದಿನವೂ ಜೀಪು, ಟ್ರ್ಯಾಕ್ಟರ್ ನೋಡುವ ಎಲೆಕ್ಟ್ರಿಷಿಯನ್ನರಿಗೆ ಇದು ಹೊಸದಿರಬಹುದು, ಹಾಗಾಗಿ ಕಾರು ಬಿಡುವಾಗಲೇ ಬಾಯಿಬಿಟ್ಟು ಹೇಳಿ. ತಿರುಗಾಮುರುಗಾ ಕರೆಂಟ್ ಕೊಟ್ಟರೆ ಮೀಟರಿನ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಯಾರೋ ಹಿಂದೆ ಕಾರನ್ನು ನೆಗೆಟಿವ್ ಅರ್ತಿಗೆ ಬದಲಿಸಿದ್ದರೆ ಮೀಟರಿನ ಒಳಗಿನ ಸಂಪರ್ಕವನ್ನೂ, ಲೂಪಿನ ದಿಕ್ಕನ್ನೂ ಬದಲಿಸಿದ್ದಾರಾ ಅಂತ ಕೇಳಿ ತಿಳಿದುಕೊಳ್ಳಿ. ಲೂಪ್ ಉಲ್ಟಾ ಇದ್ದರೆ ಮುಳ್ಳು ಏಳುವುದೇ ಇಲ್ಲ, ಎದ್ದರೂ ನೆಚ್ಚುವಂತಿರುವುದಿಲ್ಲ.

ಮುಳ್ಳು ಮಾತ್ರ ಕುಣಿದರೆ

ಇಂಡಿಕೇಟರ್ ಹಾಕಿ. ಎಂಜಿನ್ ಸುಮಾರು 1,500ರಲ್ಲಿ ಓಡುತ್ತಿರಲಿ. ಇಂಡಿಕೇಟರ್ ಮಿನುಗಿದ ಹಾಗೆಲ್ಲ ಮುಳ್ಳು ತುಸು ಅಲ್ಲಾಡುತ್ತದಾ? ಬ್ರೇಕ್ ಒತ್ತಿ, ವೈಪರ್ ಹಾಕಿ, ಹೀಟರ್ ಫ್ಯಾನ್ ಹಾಕಿ. ಇವೆಲ್ಲ ಫ್ಯೂಸ್ ದಾಟಿ ಬರುವ ಹಸಿರು ವೈರಿನ ಬಳಗ, ಮೀಟರಿನ ಸಪ್ಲೈ ಕೂಡ ಅದೇ ಬಳಗದ್ದು. ಇವುಗಳ ಜೊತೆ ಮುಳ್ಳು ಕುಣಿದರೆ ಫ್ಯೂಸ್ ಬಾಕ್ಸ್ ಕಡೆ ಹೋಗಿ. ಫ್ಯೂಸ್ ಸುಟ್ಟಿರಬೇಕಾಗಿಲ್ಲ, ಅದನ್ನು ಹಿಡಿದಿರುವ ಕ್ಲಿಪ್ ಸಡಿಲವಾಗಿ ಕಪ್ಪಗಾಗಿದ್ದರೆ ಸಾಕು.

ಆಮೇಲೆ ಡ್ಯಾಶ್‌ಬೋರ್ಡ್ ದೀಪ ಹಾಕಿ. ದೀಪ ಹಾಕಿದ ತಕ್ಷಣ ಮುಳ್ಳು ಜಾಗ ಬಿಟ್ಟರೆ ಮೀಟರಿನ ಅರ್ತ್ ಕೆಟ್ಟಿದೆ. ಆ ಸಣ್ಣ ಬಲ್ಬಿನ ಹೋಲ್ಡರ್ ಮೀಟರಿನ ಡಬ್ಬಿಗೇ ಸಿಕ್ಕಿಸಿರುತ್ತದೆ. ಅದರ ಕರೆಂಟ್ ವಾಪಸ್ ಹೋಗುವುದೂ ಅದೇ ಡಬ್ಬಿಯಿಂದ, ಅದೇ ಕಪ್ಪು ವೈರಿನಿಂದ. ಆ ದಾರಿ ಸರಿಯಿಲ್ಲದಿದ್ದರೆ ಬಲ್ಬ್ ಉರಿದಾಗ ಮೀಟರಿಗೆ ವೋಲ್ಟೇಜ್ ಕಡಿಮೆಯಾಗುತ್ತದೆ. ಒಂದು ಸ್ವಿಚ್ ಒತ್ತಿದರೆ ಗೊತ್ತಾಗುವ ವಿಷಯ ಇದು.

ಖಾತ್ರಿ ಮಾಡಿಕೊಳ್ಳಲು ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ಅರ್ತ್ ಟರ್ಮಿನಲಿಗೆ, ಇನ್ನೊಂದು ತುದಿ ಮೀಟರಿನ ಡಬ್ಬಿಗೆ. ಬ್ಯಾಟರಿ ಸೀಟಿನ ಹಿಂದೆ ಇರುವುದರಿಂದ ಉದ್ದದ ವೈರ್ ಬೇಕಾಗುತ್ತದೆ. ಎಂಜಿನ್ ಓಡುವಾಗ 0.1 ವೋಲ್ಟ್ ಆಸುಪಾಸು ಇದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ತೋರಿಸಿದರೆ ಅರ್ತ್ ಹೊಸದಾಗಿ ಮಾಡಲೇಬೇಕು. ಮೀಟರ್ ಹಿಡಿದಿರುವ ಬ್ರಾಕೆಟ್ಟಿನ ನಟ್ಟಿನಡಿಯ ಲಗ್ ಬಿಚ್ಚಿ, ಲಗ್, ಬ್ರಾಕೆಟ್, ಡಬ್ಬಿ ಮೂರೂ ಮುಟ್ಟುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ.

ನಮ್ಮ ಮಲೆನಾಡಿನ ತೊಂದರೆಯನ್ನು ಇಲ್ಲೇ ಹೇಳಿಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಾರುಗಳು ಶೆಡ್ಡಿನಲ್ಲೇ ನಿಲ್ಲುತ್ತವೆ. ಶೆಡ್ಡಿನ ಮೂಲೆಯಲ್ಲಿ ಯೂರಿಯಾ ಮೂಟೆ, ಸುಣ್ಣ, ಕಾಫಿಗೆ ಹೊಡೆಯುವ ಮೈಲುತುತ್ತ. ತೇವದ ಜೊತೆ ಇವುಗಳ ದೂಳು, ಗಾಳಿ ಸೇರಿದರೆ ತಾಮ್ರ, ಹಿತ್ತಾಳೆಗೆ ಕಿಲುಬು ಹಿಡಿಯದೆ ಇರುವುದಿಲ್ಲ. ಎರಡು ವೈರ್ ಸೇರುವ ಬುಲೆಟ್ ಕನೆಕ್ಟರಿನ ಕಪ್ಪು ರಬ್ಬರ್ ಸರಿಸಿ ನೋಡಿ, ಒಳಗೆ ಹಸಿರು ಪುಡಿ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಹೊಸದರಂತೆ ಕಾಣುತ್ತದೆ. ಮಲ್ಟಿಮೀಟರಿನಲ್ಲಿ ಕಂಟಿನ್ಯೂಟಿ ನೋಡಿದರೂ ಬೀಪ್ ಬರುತ್ತದೆ. ಕಾರು ಅಲ್ಲಾಡಿದಾಗ ಮಾತ್ರ ಕೈಕೊಡುತ್ತದೆ.

ಕಿಲುಬು ತೆಗೆಯಲು ಮನೆಯ ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆಹಣ್ಣು ಇಲ್ಲಿ ಬೇಡ. ಬೆಳಗುತ್ತದೆ ನಿಜ, ಆದರೆ ಹುಳಿಯ ಅಂಶ ವೈರಿನ ಎಳೆಗಳ ಸಂದಿಯಲ್ಲಿ ಉಳಿದು ತಿಂಗಳಲ್ಲೇ ಮತ್ತೆ ಹಸಿರಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ನಯವಾದ ಎಮರಿ ಪೇಪರ್, ಆಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ಒಳಗಿನ ತಗಡಿನ ಕೊಳವೆ ಸಡಿಲವಾಗಿದ್ದರೆ ಇಕ್ಕಳದಿಂದ ಹಗುರವಾಗಿ ಒತ್ತಿ ಬಿಗಿ ಮಾಡಿ. ವೈರ್ ಮೇಲೆ ಇಲಿ ಕಡಿದ ಗುರುತು ಇದೆಯಾ ಅಂತಲೂ ಕೈಯಾಡಿಸಿ ನೋಡಿ, ಅದರಲ್ಲೂ ಡ್ಯಾಶ್‌ಬೋರ್ಡ್ ಹಿಂದಿನ ಕಟ್ಟಿನಲ್ಲಿ.

ಸಪ್ಲೈಯೂ ಅರ್ತೂ ಚೆನ್ನಾಗಿದ್ದು ಮುಳ್ಳು ಇನ್ನೂ ನಡುಗುತ್ತಿದ್ದರೆ ಮೀಟರಿನ ಸಪ್ಲೈ, ಅರ್ತ್ ಎರಡು ತುದಿಗೆ ಮಲ್ಟಿಮೀಟರ್ ಇಟ್ಟು ಎಂಜಿನ್ ವೇಗ ನಿಧಾನವಾಗಿ ಏರಿಸಿ. ವೋಲ್ಟೇಜ್ 12.5ರ ಹತ್ತಿರದಿಂದ 14 ದಾಟಿ ನಿಲ್ಲಬೇಕು. ಮೇಲೆ ಕೆಳಗೆ ಜಿಗಿದರೆ ಡೈನಮೋದ ರೆಗ್ಯುಲೇಟರ್ ಬಾಕ್ಸಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಇಲ್ಲವೇ ಡೈನಮೋ ಬ್ರಷ್ ಸವೆದಿರಬಹುದು. ಆಲ್ಟರ್ನೇಟರ್ ಕಾರಾದರೆ ಒಳಗಿನ ಡಯೋಡ್ ನೋಡಿಸಿ.

ಮುಳ್ಳೂ ಎಂಜಿನ್ನೂ ಒಟ್ಟಿಗೆ ಕೈಕೊಟ್ಟರೆ

ಇದು ಹೆಚ್ಚು ಮುಖ್ಯವಾದ ದಾರಿ. ಇವತ್ತು ಮುಳ್ಳು ಕುಣಿಯುತ್ತದೆ, ನಾಳೆ ಚಾರ್ಮಾಡಿಯ ತಿರುವಿನಲ್ಲಿ ಮಂಜು ಮುಸುಕಿದಾಗ ಎಂಜಿನ್ ನಿಲ್ಲುತ್ತದೆ.

ಲೈನನ್ನು ಎರಡು ಭಾಗ ಮಾಡಿಕೊಳ್ಳಿ: ಸ್ವಿಚ್ಚಿನಿಂದ ಕಾಯಿಲಿನವರೆಗೆ ಒಂದು, ಕಾಯಿಲಿನಿಂದ ಪಾಯಿಂಟಿನವರೆಗೆ ಇನ್ನೊಂದು. ಮೊದಲನೆಯದನ್ನು ಪರೀಕ್ಷಿಸಲು ಕಾಯಿಲಿನ ಸ್ವಿಚ್ ಕಡೆಯ ಬಿಳಿ ವೈರ್ ತೆಗೆದು ತುದಿಗೆ ಟೇಪ್ ಸುತ್ತಿ. ಅದರ ಜಾಗಕ್ಕೆ, ಸದಾ ಕರೆಂಟ್ ಇರುವ ಕಂದು ವೈರಿನ ಟರ್ಮಿನಲಿನಿಂದ 10 ಆಂಪ್ ಫ್ಯೂಸ್ ಇರುವ ತಾತ್ಕಾಲಿಕ ವೈರ್ ಎಳೆಯಿರಿ. ಎಂಜಿನ್ ಸ್ಟಾರ್ಟ್ ಮಾಡಿ. ಮುಳ್ಳು ಈಗ ಏಳುವುದಿಲ್ಲ, ಕರೆಂಟ್ ಮೀಟರಿನ ಲೂಪ್ ಹಾದು ಬರುತ್ತಿಲ್ಲ. ನೀವು ನೋಡಬೇಕಾದದ್ದು ಮಿಸ್ಸಿಂಗ್ ನಿಂತಿತಾ ಅಂತ. ನಿಂತರೆ ಸ್ವಿಚ್, ಬಿಳಿ ವೈರ್, ಮೀಟರ್ ಹಿಂದಿನ ಜಾಯಿಂಟ್ ಇಷ್ಟರಲ್ಲೇ ತೊಂದರೆ ಇದೆ. ಎಂಜಿನ್ ಆರಿಸಲು ಕೀ ತಿರುಗಿಸಿದರೆ ಸಾಲದು, ಆ ವೈರನ್ನೇ ತೆಗೆಯಬೇಕು. ಎಂಜಿನ್ ನಿಂತಿರುವಾಗ ವೈರ್ ಹಾಗೇ ಬಿಟ್ಟರೆ, ಪಾಯಿಂಟ್ ಮುಚ್ಚಿದ್ದಲ್ಲಿ ಕಾಯಿಲ್ ಕಾದು ಹಾಳಾಗುತ್ತದೆ.

ಹೀಗೆ ಮಿಸ್ಸಿಂಗ್ ನಿಂತರೆ ತಾತ್ಕಾಲಿಕ ವೈರ್ ತೆಗೆದು ಮೊದಲಿನಂತೆ ಹಾಕಿ. ಲೂಪ್ ಒಳಗಿರುವ ಮೀಟರಾದರೆ ಹಿಂದಿನ ಎರಡು ಬಿಳಿ ವೈರುಗಳನ್ನು ಒಂದಕ್ಕೊಂದು ಸೇರಿಸಿ ಓಡಿಸಿ. ಈಗ ಸರಿಯಾದರೆ ಮೀಟರಿನ ಬುಲೆಟ್ ಜಾಯಿಂಟೇ ಕಾರಣ. ಸರಿಯಾಗದಿದ್ದರೆ ಕೀಯನ್ನು ಅಲ್ಲಾಡಿಸಿ ನೋಡಿ. ಕೀ ಗೊಂಚಲಿನಲ್ಲಿ ಗೋಡೌನು, ಪಂಪ್‌ಹೌಸ್, ಗೇಟು ಎಲ್ಲದರ ಬೀಗದ ಕೈ ನೇತಾಡುತ್ತಿದ್ದರೆ ಸ್ವಿಚ್ ಒಳಗಿನ ಕಾಂಟ್ಯಾಕ್ಟ್ ಬೇಗ ಸವೆಯುತ್ತದೆ. ಕಾರಿನ ಕೀ ಒಂಟಿಯಾಗಿರಲಿ.

ತಾತ್ಕಾಲಿಕ ವೈರ್ ಹಾಕಿದರೂ ಮಿಸ್ಸಿಂಗ್ ಹೋಗದಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ.

ಆಲ್ದೂರು ಕಡೆಯ ಎಸ್ಟೇಟ್ ಒಂದರ ಕಾರು ಹೀಗೇ ಬಂದಿತ್ತು. ಹೊಸ ಪಾಯಿಂಟ್, ಹೊಸ ಕಂಡೆನ್ಸರ್, ಹೊಸ ಕಾಯಿಲ್ ಎಲ್ಲ ಹಾಕಿಸಿದ್ದರು. ತಂದಿದ್ದ ಡ್ರೈವರ್ ಹುಡುಗ ಒಂದು ಮಾತು ಹೇಳಿದ: ‘ಅಣ್ಣಾ, ಒಂದೇ ಸ್ಪೀಡಲ್ಲಿ ಹೋದ್ರೆ ಏನೂ ಇಲ್ಲ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ಮುಳ್ಳು ದಪ್ ಅಂತ ಬೀಳುತ್ತೆ.’

ಅವನು ಹೇಳಿದ್ದರಲ್ಲೇ ಉತ್ತರ ಇತ್ತು. ಆಕ್ಸಿಲರೇಟರ್ ಬದಲಾದರೆ ಕಾರ್ಬ್ಯುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಪೈಪಿನಲ್ಲಿ ಬರುವ ವ್ಯಾಕ್ಯೂಮ್ (ಗಾಳಿಯ ಎಳೆತ) ಬದಲಾಗುತ್ತದೆ. ವ್ಯಾಕ್ಯೂಮ್ ಬದಲಾದರೆ ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟ್ ತಿರುಗುತ್ತದೆ. ಲೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ ಕೂತಿರುವುದು ಆ ಪ್ಲೇಟಿನ ಮೇಲೆ. ಅದಕ್ಕೆ ಎರಡು ಪುಟ್ಟ ವೈರ್ ಇವೆ. ಒಂದು ಹೊರಗಿನ ಟರ್ಮಿನಲಿನಿಂದ ಪಾಯಿಂಟಿಗೆ, ಇನ್ನೊಂದು ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಅರ್ತ್. ಪ್ಲೇಟ್ ತಿರುಗಿದಾಗಲೆಲ್ಲ ಇವೂ ಬಾಗುತ್ತವೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ, ಮೇಲಿನ ಹೊದಿಕೆ ಮಾತ್ರ ಹಾಗೇ ಇರುತ್ತದೆ.

ಕಂಡುಹಿಡಿಯುವುದು ಸುಲಭ. ಎಂಜಿನ್ ಆಫ್ ಇರಲಿ. ಪಾಯಿಂಟ್ ಮುಚ್ಚಿರುವ ಜಾಗಕ್ಕೆ ಎಂಜಿನ್ ತಿರುಗಿಸಿಕೊಳ್ಳಿ. ಡಿಸ್ಟ್ರಿಬ್ಯೂಟರಿನಿಂದ ಕಾಯಿಲಿಗೆ ಹೋಗುವ ವೈರನ್ನು ಕಾಯಿಲಿನ ಕಡೆ ಬಿಚ್ಚಿ, ಆ ವೈರಿಗೂ ಡಿಸ್ಟ್ರಿಬ್ಯೂಟರ್ ಬಾಡಿಗೂ ನಡುವೆ ಮಲ್ಟಿಮೀಟರನ್ನು ಓಮ್‌ನಲ್ಲಿ ಇಡಿ. ಸೊನ್ನೆಯ ಹತ್ತಿರ ಇರಬೇಕು. ಈಗ ವ್ಯಾಕ್ಯೂಮ್ ಪೈಪನ್ನು ಕಾರ್ಬ್ಯುರೇಟರಿನ ಕಡೆ ಬಿಚ್ಚಿ, ತುದಿ ಒರೆಸಿ, ಬಾಯಿಂದ ಎಳೆಯಿರಿ. ಪ್ಲೇಟ್ ನಿಮ್ಮ ಕಣ್ಣೆದುರೇ ಸರಿಯುತ್ತದೆ. ಸರಿಯುವಾಗ ಓಮ್ ಜಿಗಿದರೆ ಸಿಕ್ಕಿತು. ಆ ಕಾರಿನಲ್ಲಿ ಅರ್ಧ ದಾರಿ ಸರಿಯುವವರೆಗೆ ಸೊನ್ನೆ ಇತ್ತು, ಆಮೇಲೆ ಮಲ್ಟಿಮೀಟರ್ ಪೂರ್ತಿ ಓಪನ್ ತೋರಿಸಿತು. ಚಿಮಟದಿಂದ ಆ ಪುಟ್ಟ ವೈರನ್ನು ಹಗುರವಾಗಿ ಎಳೆದರೆ ನಡುವಿನಲ್ಲಿ ರಬ್ಬರಿನ ಹಾಗೆ ಹಿಗ್ಗಿತು. ಒಳಗೆ ತಾಮ್ರವೇ ಇರಲಿಲ್ಲ.

ರಸ್ತೆಯಲ್ಲೇ ಪರೀಕ್ಷೆ ಮಾಡಬೇಕೆಂದರೆ ವ್ಯಾಕ್ಯೂಮ್ ಪೈಪ್ ಡಿಸ್ಟ್ರಿಬ್ಯೂಟರಿನ ಕಡೆ ತೆಗೆದು, ಪೈಪಿನ ಬಾಯಿ ಮುಚ್ಚಿ, ಕಾರು ಓಡಿಸಿ. ಪ್ಲೇಟ್ ಅಲುಗಾಡುವುದಿಲ್ಲ. ಮುಳ್ಳಿನ ಕುಣಿತ ನಿಂತರೆ ಇದೇ ರೋಗ.

ಬದಲಿಗೆ ಮಾಮೂಲಿ ಆಟೋ ವೈರ್ ಹಾಕಬೇಡಿ. ಗಡುಸಾಗಿರುತ್ತದೆ, ಪ್ಲೇಟನ್ನು ಸರಿಯಲು ಬಿಡುವುದಿಲ್ಲ, ಬೇಗ ಮುರಿಯುತ್ತದೆ. ಮಲ್ಟಿಮೀಟರ್ ಪ್ರೋಬಿಗೆ ಬರುವಂಥ, ಸಿಲಿಕಾನ್ ಹೊದಿಕೆಯ, ತೀರಾ ಸಣ್ಣ ಎಳೆಗಳ ಮೆತ್ತನೆಯ ವೈರ್ ಬೇಕು. ಸೋಲ್ಡರ್ ವೈರಿನೊಳಗೆ ಜಾಸ್ತಿ ಏರಿದರೆ ಆ ಜಾಗ ಗಟ್ಟಿಯಾಗಿ ಅಲ್ಲೇ ಕಡಿಯುತ್ತದೆ, ಹಾಗಾಗಿ ತುದಿಗೆ ಮಾತ್ರ ಹಿಡಿಸಿ. ಉದ್ದ ಎಷ್ಟಿರಬೇಕೆಂದರೆ, ಪ್ಲೇಟ್ ಪೂರ್ತಿ ಸರಿದಾಗಲೂ ಎಳೆತ ಇರಬಾರದು, ಸಡಿಲವಾಗಿ ಕ್ಯಾಮಿಗೂ ಉಜ್ಜಬಾರದು.

ಕ್ಯಾಪ್ ತೆಗೆದಾಗಲೇ ಇನ್ನೂ ಕೆಲವನ್ನು ನೋಡಿ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು. ಪಾಯಿಂಟ್ ಕೂರಿಸುವ ಗೂಟದ ಮೇಲೆ ಕಾಯಿಲ್ ವೈರ್, ಕಂಡೆನ್ಸರ್ ವೈರ್, ಪ್ಲಾಸ್ಟಿಕ್ ಬುಷ್ ಕ್ರಮ ತಪ್ಪಿ ಕೂತರೆ ಆಗಾಗ ಅರ್ತ್ ಆಗುತ್ತದೆ. ರೋಟರ್ ಹಿಡಿದು ಶಾಫ್ಟನ್ನು ಅಡ್ಡಡ್ಡ ಅಲ್ಲಾಡಿಸಿ. ಆಟ ಕೈಗೆ ಗೊತ್ತಾಗುವಷ್ಟಿದ್ದರೆ ಬುಷ್ ಸವೆದಿದೆ. ಪಾಯಿಂಟ್ ಎಷ್ಟು ಡಿಗ್ರಿ ಮುಚ್ಚಿರುತ್ತದೆ ಅಂತ ಅಳೆಯುವ ಡ್ವೆಲ್ ಮೀಟರ್ ಇದ್ದರೆ ಇನ್ನೂ ಚೆನ್ನ: 25ಡಿ4ಕ್ಕೆ 60 ಡಿಗ್ರಿ, ಮೂರು ಡಿಗ್ರಿ ಆಚೀಚೆ. ಐಡಲಿಂಗಿಗೂ 2,000ಕ್ಕೂ ನಡುವೆ ಇದಕ್ಕಿಂತ ಜಾಸ್ತಿ ಓಡಾಡಿದರೆ ಬುಷ್ ಬದಲಿಸದೆ ಬೇರೆ ಏನು ಮಾಡಿದರೂ ಮುಳ್ಳು ನಿಲ್ಲುವುದಿಲ್ಲ.

ಮುಳ್ಳು ಮೇಲಕ್ಕೆ ಹಾರಿದರೆ

ಮೊದಲು ಪಾಯಿಂಟಿನ ಕಿಡಿ ತಗ್ಗಿಸುವ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಸುಮಾರು 0.2 ಮೈಕ್ರೋಫ್ಯಾರಡ್ ಇರಬೇಕು, ಆದರೆ ತಣ್ಣಗಿರುವಾಗ ಸರಿ ತೋರಿಸಿ ಬಿಸಿಯಾದಾಗ ಕೈಕೊಡುವುದುಂಟು. ಹೊಸದು ಅಂದ ಮಾತ್ರಕ್ಕೆ ನಂಬಬೇಡಿ. ಚೆನ್ನಾಗಿ ಓಡುತ್ತಿರುವ ಬೇರೆ ಕಾರಿನದನ್ನು ತಂದು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಪಾಯಿಂಟಿನ ಸ್ಪ್ರಿಂಗ್ ಸೋತಿದ್ದರೆ ಮೇಲಿನ ವೇಗದಲ್ಲಿ ಪಾಯಿಂಟ್ ಪುಟಿದು ಲೆಕ್ಕ ಹೆಚ್ಚಾಗುತ್ತದೆ. ಪ್ಲಗ್ಗಿನ ಹೈ ಟೆನ್ಷನ್ ವೈರ್ ಮೀಟರಿನ ವೈರಿಗೆ ತಾಗಿಕೊಂಡು ಹೋಗುತ್ತಿದ್ದರೆ ದೂರ ಸರಿಸಿ. ರಾತ್ರಿ ಬಾನೆಟ್ ತೆಗೆದು ನೋಡಿದರೆ ಸೋರುವ ವೈರಿನ ಸುತ್ತ ನೀಲಿ ಕಿಡಿ ಕಾಣುತ್ತದೆ. ಮಳೆಗಾಲದಲ್ಲಂತೂ ಹುಡುಕುವುದೇ ಬೇಡ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಮೇಲೆ ಶುರುವಾದ ಕುಣಿತವಾದರೆ ಒಮ್ಮೆ ಹಳೆಯ ಪಾಯಿಂಟ್, ಹಳೆಯ ಕಾಯಿಲ್ ಹಾಕಿ ನೋಡಿ. ಆರ್‌ವಿಐ ಮೀಟರ್ ಪಾಯಿಂಟಿನ ಕರೆಂಟಿಗೆ ಅಂತ ಮಾಡಿದ್ದು, ಹೊಸ ಮಾಡ್ಯೂಲಿನ ಕರೆಂಟ್ ಅದಕ್ಕೆ ಒಗ್ಗದೇ ಇರಬಹುದು.

ಟ್ರಯಂಫ್ ಟಿಆರ್4ರಂಥ ಕಾರುಗಳಲ್ಲಿ ವೈರ್ ಲೆಕ್ಕವೇ ಇಲ್ಲ, ಸ್ಪೀಡೋಮೀಟರಿನಂತೆ ಕೇಬಲ್ ಇದೆ. ಮುಳ್ಳು ಲಯಬದ್ಧವಾಗಿ ತೂಗಾಡಿದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಗಟ್ಟಿಯಾಗಿ ಬಾಗಿದೆ. ತೊಳೆದು ತೆಳುವಾಗಿ ಗ್ರೀಸ್ ಹಚ್ಚಿ, ಮೀಟರಿನ ಕಡೆಯ ಒಂದು ಗೇಣು ಒಣಗಿರಲಿ, ಇಲ್ಲದಿದ್ದರೆ ಗ್ರೀಸ್ ಏರಿ ಮೀಟರ್ ಸೇರುತ್ತದೆ.

ಮೀಟರಿನ ಲೆಕ್ಕ ತಾಳೆ ನೋಡುವುದು

ರಿಪೇರಿಯಾದ ಮೇಲೆ ಮುಳ್ಳು ಹೇಳುವುದು ನಿಜವಾ ಅಂತ ನೋಡಬೇಕಲ್ವಾ? ಲೇಸರ್ ಟ್ಯಾಕೋಮೀಟರ್ ಇದ್ದರೆ ಸರಿ. ಇಲ್ಲದಿದ್ದರೆ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸಾಕು. ನಮ್ಮ ಲೈನ್ ಕರೆಂಟ್ 50 ಹರ್ಟ್ಸ್, ಆ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ರ್ಯಾಂಕ್ ಪುಲ್ಲಿಯ ಮೇಲೆ ಸೀಮೆಸುಣ್ಣದಿಂದ ಒಂದೇ ಒಂದು ಗೆರೆ ಎಳೆಯಿರಿ. ಸಂಜೆ ಬೇರೆ ದೀಪ ಆರಿಸಿ, ಟ್ಯೂಬ್ ಬೆಳಕು ಪುಲ್ಲಿಗೆ ಬೀಳುವಂತೆ ಮಾಡಿ, ವೇಗವನ್ನು ನಿಧಾನವಾಗಿ ಏರಿಸಿ. 1,000ದಲ್ಲಿ ಆರು ಗೆರೆ ನಿಂತಂತೆ ಕಾಣುತ್ತವೆ. 1,500ರಲ್ಲಿ ನಾಲ್ಕು, 2,000ದಲ್ಲಿ ಮೂರು, 3,000ದಲ್ಲಿ ಎದುರುಬದುರು ಎರಡು. ಗೆರೆ ನಿಂತ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಅಂತ ಇನ್ನೊಬ್ಬರು ಬರೆದುಕೊಳ್ಳಲಿ. ಎಲ್‌ಇಡಿ ಪಟ್ಟಿ ಬೇಡ, ಯುಪಿಎಸ್ ಕರೆಂಟೂ ಬೇಡ. ಫ್ಯಾನ್ ಪಕ್ಕದಲ್ಲೇ ಬಗ್ಗುವುದರಿಂದ ಹೆಗಲ ಟವೆಲ್, ಸಡಿಲ ತೋಳು ಯಾವುದೂ ಇರಕೂಡದು.

ರಸ್ತೆಯಲ್ಲಿ ನೋಡಬೇಕೆಂದರೆ ಕಡೂರು ಕಡೆ ಹೋಗಿ, ಆ ಕಡೆ ಏರಿಳಿತ ಕಡಿಮೆ. ಕಂಪನಿ ಕೊಟ್ಟ ಆಕ್ಸಲ್, ಅದೇ ಅಳತೆಯ ಟಯರ್ ಇರುವ ಎಂಜಿಬಿ ನಾಲ್ಕನೇ ಗೇರಿನಲ್ಲಿ 1,000 ಆರ್‌ಪಿಎಂಗೆ ಸುಮಾರು 29 ಕಿ.ಮೀ. ವೇಗ ಹೋಗುತ್ತದೆ. ಫೋನಿನ ಜಿಪಿಎಸ್ 60 ತೋರಿಸುವಾಗ ಮುಳ್ಳು 2,100ರ ಹತ್ತಿರ ಇರಬೇಕು. ಓವರ್‌ಡ್ರೈವ್ ಇದ್ದರೆ ಆಫ್ ಮಾಡಿಕೊಳ್ಳಿ.

ಇಷ್ಟೆಲ್ಲ ಸರಿಯಿದ್ದು, ತಣ್ಣಗಿರುವಾಗ ಚೆನ್ನಾಗಿ ತೋರಿಸಿ ಅರ್ಧ ಗಂಟೆ ಓಡಿದ ಮೇಲೆ ಮುಳ್ಳು ಅಲೆಯಲು ಶುರುವಾದರೆ, ಅಥವಾ ಡಬ್ಬಿಯನ್ನು ಬೆರಳಿನಿಂದ ತಟ್ಟಿದರೆ ಜಿಗಿದರೆ, ಆಗ ಮೀಟರ್ ಬಿಚ್ಚಿ. ಮೊದಲು ಬ್ಯಾಟರಿ ಕಳಚಿ, ವೈರುಗಳ ಜಾಗವನ್ನು, ಹೊರಗಿನ ಲೂಪ್ ಆದರೆ ಅದು ಸುತ್ತಿದ ದಿಕ್ಕನ್ನು ಫೋಟೋ ತೆಗೆದುಕೊಳ್ಳಿ. ರಿಪೇರಿಗೆ ಕಳಿಸುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದು ಕಟ್ಟಿ: ಎಷ್ಟು ಸಿಲಿಂಡರ್, ಯಾವ ಅರ್ತ್, ಪಾಯಿಂಟೋ ಎಲೆಕ್ಟ್ರಾನಿಕ್ಕೋ, ಎಷ್ಟು ಹೊತ್ತು ಓಡಿದ ಮೇಲೆ ಕುಣಿಯುತ್ತದೆ. ಬಿಸಿಯಾದ ಮೇಲೆ ಬರುವ ತೊಂದರೆಯನ್ನು ಮೇಜಿನ ಮೇಲೆ ತಣ್ಣಗೆ ಪರೀಕ್ಷಿಸಿದರೆ ಸಿಗುವುದಿಲ್ಲ, ಮೀಟರನ್ನು ಬಿಸಿ ಮಾಡಿ ನೋಡಲು ಹೇಳಿ.